ಚಕ್ರ ಎಡಕ್ಕಿರುವ ಹೊಲಿಗೆ ಯಂತ್ರ

ವಸ್ತುಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

'ಬೆಳಕು ಬರೆದದ್ದನ್ನು ಯಾರೂ ಅಳಿಸಲಾರರು' ಎಂದೋ 'ತಿದ್ದಲಾರರು' ಎಂದೋ ಒಂದು ಸಾಲು ಓದಿದ ನೆನಪು. ಆಗ ನಂಬಿದ್ದೆ. ಈಗ ಹೇಗೆ ನಂಬಲಿ? ನನ್ನ ತಾಯಿ ತೆಗೆದ, ಹೊಲಿಗೆ ಯಂತ್ರದ ಮುಂದೆ ಕೂತ ಹುಡುಗಿಯ ಫೋಟೋವನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸಿ, ನಿಮ್ಮ ಬಾಗಿಲೆತ್ತರಕ್ಕೆ ನೇತುಹಾಕಿ, ಕೆಳಗೆ 'ಛಾಯಾಗ್ರಾಹಕ: ಅಜ್ಞಾತ' ಎಂದು ಬರೆಸಿದ್ದೀರಿ.

ಅಜ್ಞಾತ ಯಾರಿಗೆ? ನಮ್ಮ ಸ್ಟುಡಿಯೋದ ಬೋರ್ಡಿನ ಮೇಲೆ ಅಪ್ಪನ ಹೆಸರಿತ್ತು, ನಿಜ. ಆದರೆ ಹೆಂಗಸರು ಬಂದರೆ ಅಪ್ಪ ಎದ್ದು ಹೊರಗಿನ ಬೆಂಚಿಗೆ ಹೋಗುತ್ತಿದ್ದರು. ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ಹಾಕುತ್ತಿದ್ದವಳು ಅಮ್ಮ. ಗಂಡಸಿನೆದುರು ಬಿಗಿದಿರುತ್ತಿದ್ದ ಮುಖಗಳು ಅವಳೆದುರು ಸಡಿಲಗೊಳ್ಳುತ್ತಿದ್ದವು. ಫೋಟೋಗ್ರಫಿಯ ಚರಿತ್ರೆ ಬರೆಯುವವರು ಬೋರ್ಡು ಓದುತ್ತಾರೆ, ಬಟ್ಟೆಯೊಳಗೆ ಇಣುಕುವುದಿಲ್ಲ. ಅದಕ್ಕೇ ಅಮ್ಮ ಪ್ರತಿ ನೆಗೆಟಿವ್‌ನ ಲಕೋಟೆಯ ಮೇಲೆ ಕೂತವರ ಹೆಸರು, ತಾರೀಖು, ತನ್ನ ಸಹಿ ಬರೆದಿಟ್ಟಿದ್ದಳು. ನೆಗೆಟಿವ್‌ಗಳನ್ನು ಲಕೋಟೆಗಳ ಸಮೇತ ನಿಮಗೆ ಒಪ್ಪಿಸಿದವಳು ನಾನೇ.

"ಧೂಳು ಹಿಡಿದಿದ್ವು ಮೇಡಂ, ಬಿಸಾಕಿದ್ವಿ. ನೆಗೆಟಿವ್ ತಾನೇ ಮುಖ್ಯ?" ಎಂದರು ನಿಮ್ಮ ಸಹಾಯಕರು. ನನ್ನ ಪತ್ರಗಳಿಗೆಲ್ಲ ನಿಮ್ಮ ಉತ್ತರ ಒಂದೇ: ದಾಖಲೆ ಒದಗಿಸಿ. ದಾಖಲೆಯನ್ನು ಕಸಕ್ಕೆ ಹಾಕಿದವರು ದಾಖಲೆ ಕೇಳಬೇಕಾದರೆ ಎಂಥ ಧೈರ್ಯ ಬೇಕು.

ಇನ್ನು ನಿಮ್ಮ ಪಾಂಡಿತ್ಯ. 'ಎಡಗೈಯಲ್ಲಿ ಯಂತ್ರದ ಚಕ್ರ ತಿರುಗಿಸುತ್ತಿರುವ ಈ ಹುಡುಗಿ ಬಲಗೈಯ ಲೋಕದ ವಿರುದ್ಧ ಬಂಡೆದ್ದಿದ್ದಾಳೆ' ಎಂದು ಹನ್ನೊಂದು ಪುಟದ ಪ್ರಬಂಧ ಬರೆದಿದ್ದೀರಿ. ಸ್ವಾಮಿ, ಹೊಲಿಗೆ ಯಂತ್ರದ ಚಕ್ರ ಹೊಲಿಯುವವರ ಬಲಗಡೆಗಿರುತ್ತದೆ. ನಿಮ್ಮವರು ನೆಗೆಟಿವನ್ನು ಮಗುಚಿ ಇಟ್ಟು ಪ್ರತಿ ತೆಗೆದಿದ್ದಾರೆ, ಎಡಬಲ ಅದಲುಬದಲಾಗಿದೆ, ಅಷ್ಟೇ. ಬಂಡಾಯ ಅಲ್ಲಿಲ್ಲ, ಇರುವುದು ಅಜಾಗರೂಕತೆ. ಕ್ಯಾಮೆರಾದ ಗಾಜಿನ ಮೇಲೆ ಲೋಕ ತಲೆಕೆಳಗಾಗಿಯೇ ಬೀಳುತ್ತದೆ. ಅದನ್ನು ನೆಟ್ಟಗೆ ಮಾಡಿ ಕೊಡುವುದೇ ಆ ಕಸುಬಿನ ಮರ್ಯಾದೆ. ಅಮ್ಮ ಮೂವತ್ತು ವರ್ಷ ಆ ಮರ್ಯಾದೆ ಉಳಿಸಿಕೊಂಡಳು. ನಿಮ್ಮ ಕೈಯಲ್ಲಿ ಅದು ಒಂದು ವಾರವೂ ಉಳಿಯಲಿಲ್ಲ.

ಈ ತಪ್ಪು ನನಗೆ ಪ್ರದರ್ಶನದ ಉದ್ಘಾಟನೆಯ ದಿನವೇ ಗೊತ್ತಾಗಿತ್ತು. ಹೇಳಲಿಲ್ಲ. ನಿಮ್ಮ ಪ್ರಬಂಧ ಪುಸ್ತಕದಲ್ಲಿ ಅಚ್ಚಾಗಲಿ, ಗ್ರಂಥಾಲಯಗಳ ಕಪಾಟು ಸೇರಲಿ, ವಾಪಸು ತರಿಸಿಕೊಳ್ಳಲಾಗದಷ್ಟು ದೂರ ಹೋಗಲಿ ಎಂದು ಕಾದೆ. ಇದನ್ನು ಸೇಡು ಎನ್ನುವುದಾದರೆ ಎನ್ನಿ, ನನ್ನ ತಕರಾರಿಲ್ಲ.

ಅಮ್ಮನಿಗೆ ಎಂಬತ್ತೆರಡು. ಒಂದು ಕಣ್ಣು ಹೋಗಿದೆ, ಇನ್ನೊಂದು ಮಂಜಾಗುತ್ತಿದೆ. ಒಂದು ತಿಂಗಳೊಳಗೆ ಆ ಫೋಟೋ ನೆಟ್ಟಗಾಗಬೇಕು. ಅದರ ಕೆಳಗೆ ಅವಳ ಹೆಸರು, ನಿಮ್ಮ ಪುಸ್ತಕದ ಮೇಲೆ ನಿಮ್ಮ ಹೆಸರಿರುವುದಕ್ಕಿಂತ ದೊಡ್ಡ ಅಕ್ಷರದಲ್ಲಿ ಇರಬೇಕು. ಅವಳು ಅದನ್ನು ತಾನೇ ಓದಬೇಕು.

ಇಂತಿ,
ಲಕೋಟೆಗಳನ್ನು ನಂಬಿ ಕೊಟ್ಟ ದಡ್ಡ ಮಗಳು

ಮತ್ತೊಂದು ಮಾತು: ನಿಮ್ಮ ಬಂಡಾಯದ ಹುಡುಗಿ ಈಗ ನಮ್ಮ ಪಕ್ಕದ ಮನೆಯ ಟೈಲರ್ ಅಕ್ಕ. ನಿನ್ನೆ ನಿಮ್ಮ ಪ್ರದರ್ಶನ ನೋಡಿಕೊಂಡು ಬಂದು, ಚಪ್ಪಲಿಯನ್ನೂ ಬಿಡದೆ ನಮ್ಮ ಬಾಗಿಲಲ್ಲೇ ನಿಂತು ಹೇಳಿದರು: "ಅಲ್ಲ ಕಣೇ, ನನ್ನನ್ನ ಎಡಚಿ ಮಾಡಿದ್ದು ಹಾಳಾಗಿ ಹೋಗ್ಲಿ, ನಿಮ್ಮಮ್ಮನ್ನ ಇಲ್ಲವೇ ಇಲ್ಲ ಅಂದ್ಬಿಟ್ರಲ್ಲ. ಪತ್ರದಲ್ಲಿ ತಿಂಗಳು ಅಂತ ಬರೆದಿದ್ದೀಯಾ? ಸರಿ, ತಿಂಗಳು ಕಾಯ್ತೀನಿ. ಆಮೇಲೆ ಅಲ್ಲಿ ನೇತುಹಾಕಿರೋದೂ ಬಟ್ಟೇನೇ ತಾನೇ, ಕತ್ತರಿ ನನ್ನ ಹತ್ರ ಇದೆ."