ಅಕ್ಕನನ್ನು ನೆನೆದವರು

ನವೆಂಬರ್ 16, 2025. ಭಾನುವಾರ

ಭಾನುವಾರವೂ ಡ್ಯೂಟಿ. ಫಾಸ್ಟಿಂಗ್ ಶುಗರ್‌ನವರ ಸಾಲು ಲ್ಯಾಬ್ ಬಾಗಿಲು ದಾಟಿತ್ತು. ಒಬ್ಬ ಅಜ್ಜನಿಗೆ ನರವೇ ಸಿಗಲಿಲ್ಲ, ಮತ್ತೆ ಚುಚ್ಚಿದೆ. ಪಾಪ, ಬೈಯಲಿಲ್ಲ. ಲ್ಯಾಬ್ ಇರುವ ಮರಳೂರಿಂದ ಶೆಟ್ಟಿಹಳ್ಳಿಯ ಮನೆಗೆ ಬರುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತಿತ್ತು.

ಮನೆಯಲ್ಲಿ ಸಂಗಮೇಶ್ ಭಾವ. ಅಕ್ಕನ ಮಗು ಪಾಪುವನ್ನೂ ಕರೆತಂದಿದ್ದರು. ಡಿಸೆಂಬರ್ 14ಕ್ಕೆ ಅಕ್ಕ ಹೋಗಿ ವರ್ಷ. ನಿಟ್ಟೂರಿನ ಮನೆಯಲ್ಲೇ ಪುಣ್ಯಸ್ಮರಣೆ ಮಾಡುತ್ತಾರಂತೆ. ವಾಟ್ಸಾಪ್‌ನಲ್ಲಿ 'ಅನುಪಮಾ ನೆನಪು' ಅಂತ ಗ್ರೂಪ್ ಮಾಡಿದ್ದಾರೆ. ಎಲ್ಲರೂ ಒಂದು ಫೋಟೋ, ಒಂದು ನೆನಪು ಹಾಕಬೇಕು. ಅವತ್ತು ದೊಡ್ಡ ಟಿವಿಯಲ್ಲಿ ತೋರಿಸುತ್ತಾರೆ.

ಅಮ್ಮ ಕಣ್ಣೊರೆಸಿಕೊಂಡಳು. ಇಂಥ ಅಳಿಯ ಯಾರಿಗೆ ಸಿಗುತ್ತಾನೆ ಅಂದಳು.

ಪಾಪು ನನ್ನ ಕುತ್ತಿಗೆ ಬಿಡಲಿಲ್ಲ. ನಾಲ್ಕು ತುಂಬಿದ್ದರೂ ಎತ್ತಿಕೊಳ್ಳಬೇಕು. ಭಾವ ಬಹಳ ಹೊತ್ತು ನೋಡಿದರು. "ಥೇಟ್ ಅವ್ಳ ಥರನೇ ಎತ್ಕೋತೀಯ," ಅಂದರು. ಅಕ್ಕ ಬಲ ಸೊಂಟಕ್ಕೆ ಎತ್ತಿಕೊಳ್ಳುತ್ತಿದ್ದಳು. ನಾನು ಎಡಕ್ಕೆ.

ನವೆಂಬರ್ 19

ಗ್ರೂಪ್ ತುಂಬಿ ಹರಿಯುತ್ತಿದೆ. ಅಪ್ಪ ಫೋನಿಗೆ ಬಾಯಿಟ್ಟು ಹೇಳಿದ್ದನ್ನು ನಾನೇ ಟೈಪ್ ಮಾಡಿಕೊಟ್ಟೆ: ಮಠದ ಕಾರ್ಯಕ್ರಮದಲ್ಲಿ ಐದನೇ ಕ್ಲಾಸಿನ ಅಕ್ಕ ವಚನ ಹೇಳುತ್ತ ಹೇಳುತ್ತ ಮರೆತುಬಿಟ್ಟು, ಉಳಿದದ್ದನ್ನು ತಾನೇ ಕಟ್ಟಿ ಹೇಳಿದ್ದು. ಸ್ವಾಮಿಗಳು ನಕ್ಕು ಕಲ್ಲುಸಕ್ಕರೆ ಕೊಟ್ಟರಂತೆ. ಅಮ್ಮನದು ಸಾರಿಗೆ ಬೆಲ್ಲ ಸುರಿದ ಕಥೆ. ನನ್ನದು ಸ್ಕೂಟರ್ ಕಲಿಸಿದ್ದು. ಬ್ರೇಕ್ ಬ್ರೇಕ್ ಅಂತ ಹಿಂದೆ ಓಡಿ ಬಂದು ತಾನೇ ಬಿದ್ದಳು, ನಾನು ಬೀಳಲಿಲ್ಲ. ಹನ್ನೊಂದು ತಿಂಗಳ ಮೇಲೆ ಈ ಮನೆಯಲ್ಲಿ ನಗು ಕೇಳಿಸಿತು.

ಆಮೇಲೆ ಭಾವ ಬರೆದದ್ದು ಬಂತು. "ದಿನಾ ಸಂಜೆ ನಾನು ಬರುವವರೆಗೆ ತೋಟದ ಕೃಷಿ ಹೊಂಡದಲ್ಲಿ ಕಾಲು ಇಳಿಬಿಟ್ಟು ಕಾಯುತ್ತಿದ್ದಳು. ನೀರೆಂದರೆ ಪ್ರಾಣ ನನ್ನ ಅನುಗೆ."

ಸಾಲಾಗಿ ಕೈಮುಗಿದ ಚಿತ್ರಗಳು ಬಿದ್ದವು.

ಮತ್ತೆ ಓದಿದೆ. ಹೋದ ವರ್ಷ, ಅಕ್ಕನನ್ನು ಮಲಗಿಸಿದ್ದ ಜಾಗದಲ್ಲಿ ನಿಂತು ಇದೇ ಭಾವ ಹೇಳಿದ್ದು ಬೇರೆ. ಕರು ಹೊಂಡಕ್ಕೆ ಇಳಿಯಿತು, ಹಿಡಿಯಲು ಹೋದಳು, ದಂಡೆಗೆ ಹಾಸಿದ ಪ್ಲಾಸ್ಟಿಕ್ ಮೇಲೆ ಜಾರಿದಳು. ನಂಬಿದೆವು. ಕರುವಿನ ಹಿಂದೆ ಹೋಗುವವಳೇ ಅಕ್ಕ. ಆದರೆ ಕಾಲು ಇಳಿಬಿಟ್ಟು, ದಿನಾ… ಅಕ್ಕನಾ?

ನವೆಂಬರ್ 23

ಲ್ಯಾಬ್‌ನಲ್ಲಿದ್ದಾಗ ಕುಣಿಗಲ್‌ನ ಪ್ರೇಮಕ್ಕ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದರು. ಅಕ್ಕನ ಬಿ.ಎಡ್. ಗೆಳತಿ ಪ್ರೇಮಲತಾ. ರಜೆಗೆ ಅಕ್ಕ ಅವರ ಮನೆಗೆ ಹೋದಾಗ ದೊಡ್ಡಕೆರೆ ಏರಿ ಮೇಲೆ ನಡೆಯುವಾಗ ಕಣ್ಣು ಮುಚ್ಚಿಕೊಂಡು, ಇವರ ದುಪಟ್ಟಾ ಹಿಡಿದುಕೊಂಡು, ಕೆರೆ ಮುಗೀತಾ ಮುಗೀತಾ ಅಂತ ಕೇಳುತ್ತಿದ್ದಳಂತೆ. ಎದುರು ಬಂದವರು ಕುರುಡಿ ಅಂದುಕೊಂಡು ದಾರಿ ಬಿಟ್ಟರಂತೆ. ಒಬ್ಬಳೇ ನಕ್ಕೆ.

ಸಂಜೆ ಅಮ್ಮನಿಗೆ ಕೇಳಿಸೋಣ ಅಂತ ತೆಗೆದರೆ ಇಲ್ಲ. ಅಡ್ಮಿನ್ ಡಿಲೀಟ್ ಮಾಡಿದ್ದಾರೆ ಅಂತ ತೋರಿಸಿತು. ಕೆಳಗೆ ಇನ್ನೊಂದು ಸಾಲು — ಪ್ರೇಮಕ್ಕನನ್ನೂ ಗ್ರೂಪಿಂದ ತೆಗೆದಿದ್ದಾರೆ. ಅಡ್ಮಿನ್ ಭಾವ ಒಬ್ಬರೇ.

ಭಾವನಿಗೆ ಫೋನ್ ಮಾಡಿದೆ. ಕೈತಪ್ಪಿ ಒತ್ತಿಬಿಟ್ಟೆ, ಮತ್ತೆ ಸೇರಿಸುತ್ತೇನೆ ಅಂದರು. ದನಿ ಮೆತ್ತಗಿತ್ತು.

ಸೇರಿಸಿಲ್ಲ.

ನವೆಂಬರ್ 26

ಕರಿಬಸವಯ್ಯ ತಾತ ಬಂದಿದ್ದರು. ಅಪ್ಪನ ಸೋದರಮಾವ, ನಮ್ಮಲ್ಲಿ ಮದುವೆ, ಮಣ್ಣು ಎಲ್ಲಕ್ಕೂ ಅವರದೇ ಮಾತು. ಅಕ್ಕ ಹೋದಾಗ ಪೊಲೀಸರಿಗೆ ತಿಳಿಸಿದರೆ ಹೆಣ ಕುಯ್ಯುತ್ತಾರೆ, ಬೇಡ ಅಂದವರೂ ಅವರೇ. ಅದೇ ದಿನ ಹೊತ್ತು ಮುಳುಗುವ ಮುಂಚೆ ತೋಟದಲ್ಲಿ ಮಣ್ಣು ಮಾಡಿಬಿಟ್ಟರು.

ಕಾಫಿ ಕುಡಿದು ವಿಷಯ ತೆಗೆದರು. ಭಾವನಿಗೆ ನನ್ನನ್ನು ಕೊಡಬೇಕು. ಪಾಪುಗೆ ಪರಕೀಯರು ಬೇಡ. ಪುಣ್ಯಸ್ಮರಣೆ ದಿನವೇ, ನಾಲ್ಕು ಜನ ಸೇರಿರುವಾಗ ಹೇಳಿಬಿಡುವುದು.

"ಅನುನೇ ಹೇಳಿದ್ಲಂತೆ ಕಣಮ್ಮ, ಸಂಗಮೇಶ ನೆನೆಸ್ಕೊಂಡು ಅತ್ತ. ನಂಗೇನಾರ ಆದ್ರೆ ಪಾಪುಗೆ ಭೂಮಿನೇ ಅಮ್ಮ ಆಗ್ಬೇಕು ಅಂತ."

ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಅಪ್ಪ ನೆಲ ನೋಡಿದರು. ಮೂವತ್ತರ ಹೆಂಗಸು, ಜ್ವರ ಕೂಡ ಇರಲಿಲ್ಲ, ನಂಗೇನಾರ ಆದ್ರೆ ಅಂತ ಯಾಕೆ ಹೇಳಿದಳು ಅಂತ ಕೇಳಿದೆ.

ತಾತ ಇನ್ನರ್ಧ ಲೋಟ ಕಾಫಿ ಕೇಳಿದರು.

ನವೆಂಬರ್ 30, ಕುಣಿಗಲ್‌ನಿಂದ ಬಂದು

ಲ್ಯಾಬ್‌ಗೆ ರಜೆ ಹಾಕಿ ಪ್ರೇಮಕ್ಕನ ಮನೆಗೆ ಹೋಗಿಬಂದೆ. ಮೊದಲು ಇಬ್ಬರೂ ನಕ್ಕೆವು. ಹಾಸ್ಟೆಲಿನಲ್ಲಿ ಅಕ್ಕ ವಾರ್ಡನ್ ಥರ ಕೆಮ್ಮಿ ಎಲ್ಲರನ್ನೂ ಹೆದರಿಸುತ್ತಿದ್ದದ್ದು, ನಿದ್ದೆಯಲ್ಲಿ ಪಾಠ ಮಾಡುತ್ತಿದ್ದದ್ದು. ಆಮೇಲೆ ಪ್ರೇಮಕ್ಕ ತಟ್ಟೆ ಪಕ್ಕಕ್ಕಿಟ್ಟರು.

"ಹೋಗೋ ಹಿಂದಿನ ವಾರ ಫೋನ್ ಮಾಡಿದ್ಲು ಭೂಮಿ. ತುಮಕೂರಲ್ಲಿ ಸ್ಕೂಲ್ ಕೆಲ್ಸ ನೋಡು, ಪಾಪುನ ಕರ್ಕೊಂಡು ಬಂದ್ಬಿಡ್ತೀನಿ ಅಂದ್ಲು. ಯಾಕೇ ಅಂದೆ. ಸಿಕ್ದಾಗ ಹೇಳ್ತೀನಿ ಅಂದ್ಲು."

ಯಾರಿಗಾದರೂ ಹೇಳಿದಿರಾ ಅಂದೆ. ಮಣ್ಣಿನ ದಿನ ಸಂಗಮೇಶನಿಗೇ ಹೇಳಿದರಂತೆ. ಅವರು ಕೈಮುಗಿದು, ಅದನ್ನು ಅತ್ತೆ ಮಾವನ ಕಿವಿಗೆ ಹಾಕಬೇಡಿ, ತಡೆದುಕೊಳ್ಳುವುದಿಲ್ಲ ಅಂದರಂತೆ.

ವಾಪಸ್ ಬಸ್ಸು ಕೆರೆ ಪಕ್ಕ ಬಂದಾಗ ತುಂಬಿದ ನೀರು. ನನಗೆ ನೀರಿನ ಭಯವಿಲ್ಲ. ಆದರೂ ನೋಡಲಾಗಲಿಲ್ಲ.

ಅಮ್ಮನಿಗೆ ಹೇಳಿದೆ. ಮದುವೆ ಆದಮೇಲೆ ಹೆಂಗಸರು ಬದಲಾಗುತ್ತಾರೆ ಅಂದಳು. ಎದ್ದು ಹೋಗಿ ಒಣಗದ ಬಟ್ಟೆಗಳನ್ನು ಮಡಚತೊಡಗಿದಳು.

ಡಿಸೆಂಬರ್ 14

ಆದದ್ದು ಆದ ಹಾಗೆ ಬರೆಯಬೇಕು.

ನಿಟ್ಟೂರು. ಅಂಗಳಕ್ಕೆ ಶಾಮಿಯಾನ. ತೋಟದಲ್ಲಿ ಅಕ್ಕನ ಸಮಾಧಿಯ ಗದ್ದುಗೆಗೆ ಪೂಜೆ ಮುಗಿಯಿತು. ಟಿವಿಯಲ್ಲಿ ಅಕ್ಕ — ಮದುವೆ ಸೀರೆ, ಕೂಸು ಪಾಪು, ನನ್ನ ಸ್ಕೂಟರ್. ಒಬ್ಬೊಬ್ಬರೇ ಮೈಕ್ ಹಿಡಿದು ಒಳ್ಳೆ ಮಾತಾಡಿದರು. ಅತ್ತರು. ಭಾವ ಕೊನೆಯಲ್ಲಿ ಹೊಂಡದ ದಂಡೆಯ ಸಂಜೆಗಳನ್ನು ಹೇಳಿದರು, ಗ್ರೂಪಲ್ಲಿ ಬರೆದದ್ದಕ್ಕಿಂತ ಚೆನ್ನಾಗಿ. ಕರಿಬಸವಯ್ಯ ತಾತ ಗಂಟಲು ಸರಿಮಾಡಿಕೊಂಡು ಎದ್ದರು. ಮುಂದಿನದು ನನಗೆ ಗೊತ್ತಿತ್ತು. ಅವರಿಗಿಂತ ಮುಂಚೆ ಮೈಕ್ ತೆಗೆದುಕೊಂಡೆ.

ಜಗಳದ ಮಾತಿಲ್ಲ. ಪ್ರೇಮಕ್ಕನ ಕೆರೆ ಏರಿಯ ಕಥೆ, ಅಷ್ಟೇ. ಕಣ್ಣು ಮುಚ್ಚಿದ ಅಕ್ಕ. ಕೆರೆ ಮುಗೀತಾ ಮುಗೀತಾ. ಜನ ನಕ್ಕರು.

ಹೆಂಗಸರ ಸಾಲಿನಿಂದ ಪುಟ್ಟತಾಯಮ್ಮತ್ತೆ, ಭಾವನ ತಾಯಿ, ತಾವೂ ನಗುತ್ತ ಅಂದರು: "ನಿಜ ಕಣವ್ವ. ಕೊನೆಗಂಟ ಹಂಗೇ ಇದ್ಲು. ಸಂಪಿನ ಮುಚ್ಚಳ ತೆಗ್ಯಕ್ಕೂ ನನ್ನೇ ಕೂಗೋಳು. ಹೊಂಡದ ದಿಕ್ಕಿಗೆ ಒಂದ್ ದಿನ ಹೋದೋಳಲ್ಲ."

ಹೇಳಿ ಮುಗಿಸಿದಮೇಲೆ ಅವರಿಗೇ ಕೇಳಿಸಿತು. ಮಗನ ಕಡೆ ನೋಡಿದರು. ನಗು ನಿಂತಿತು.

ಎಲೆ ಹಾಕಿಸಿ ಅಂತ ಭಾವ ಕೂಗಿದರು. ಯಾರೂ ಏಳಲಿಲ್ಲ. ಎದ್ದದ್ದು ನಮ್ಮಪ್ಪ. ಜೋರಾಗಿ ಮಾತಾಡಿಯೇ ಗೊತ್ತಿಲ್ಲದ ಅಡವಿಯಪ್ಪ ಮೇಷ್ಟ್ರು.

"ದಿನಾ ಹೊಂಡದಲ್ಲಿ ಕಾಲಿಟ್ಕೊಂಡು ಕೂರೋಳು ಅಂದ್ಯಲ್ಲಪ್ಪ ಸಂಗಮೇಶ. ಯಾರಪ್ಪ ಅದು? ನನ್ನ ಮಗಳಲ್ಲ."

ಪಾಪುವನ್ನು ಭಾವ ನಮ್ಮ ಜೊತೆ ಕಳಿಸಲಿಲ್ಲ. ಮಗು ಇಲ್ಲೇ ಇರುತ್ತದೆ ಅಂದರು. ಊಟ ಮಾಡದೆ ಹೊರಟೆವು. ಭಾವ ಕಾರಿನ ಕಿಟಕಿಗೆ ಬಂದು ಬಗ್ಗಿದರು, ನನಗೊಬ್ಬಳಿಗೇ ಕೇಳುವ ಹಾಗೆ: "ನೀನು ಮಾತಾಡದೂ ಅವ್ಳ ಥರನೇ ಭೂಮಿ."

ಡಿಸೆಂಬರ್ 17

ಅಪ್ಪ ಗುಬ್ಬಿ ಪೊಲೀಸ್ ಸ್ಟೇಷನ್‌ಗೆ ಹೋಗಿ ದೂರು ಕೊಟ್ಟರು. ನಾನೂ, ಪ್ರೇಮಕ್ಕನೂ ಹೇಳಿಕೆ ಕೊಟ್ಟೆವು. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಅಂತ ಕೇಳಿದರು. ಅಪ್ಪ ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು.

ಲ್ಯಾಬ್ ಎದುರಿನ ಟೀ ಅಂಗಡಿಯಲ್ಲಿ ಭಾವ ನಿಂತಿದ್ದ. ಟೀ ಕುಡಿಯಲಿಲ್ಲ. ನಾನು ಸ್ಕೂಟರ್ ತೆಗೆದಾಗ ಹೊರಟ.

ನಿಂತಿದ್ದ ಅಂತ ಬರೆದಿದ್ದೇನೆ. ಇರಲಿ.

ಡಿಸೆಂಬರ್ 21

ಬೆಳಿಗ್ಗೆ ಗೇಟಿನಲ್ಲಿ ಪುಟ್ಟತಾಯಮ್ಮತ್ತೆ. ಒಂದು ಕೈಯಲ್ಲಿ ಪಾಪು, ಇನ್ನೊಂದರಲ್ಲಿ ಬಟ್ಟೆಯ ಚೀಲ. ಮಗ ಗುಬ್ಬಿಗೆ ಹೋದದ್ದು ನೋಡಿ ರೈಲು ಹತ್ತಿದ್ದಾರೆ. ಒಳಗೆ ಬನ್ನಿ ಅಂದರೂ ಮೆಟ್ಟಿಲ ಮೇಲೇ ಕೂತರು. ನೀರು ಮಾತ್ರ ಕುಡಿದರು.

ಅಕ್ಕ ಹೋದ ದಿನ ತಾವು ತಂಗಿ ಮನೆಗೆ ಹೋಗಿದ್ದರಂತೆ. ಬರುವಷ್ಟರಲ್ಲಿ ಎಲ್ಲ ಆಗಿತ್ತು.

"ಅವ್ನು ನಾನ್ ಹೆತ್ತ ಮಗ ಕಣವ್ವ. ನಾನೇನೂ ನೋಡಿಲ್ಲ, ಯಾರ್ ಕೇಳಿದ್ರೂ ಅಷ್ಟೇ ಹೇಳದು. ಆದ್ರೆ ಈ ಕೂಸು ಅಲ್ಲಿ ಬ್ಯಾಡ."

ಇಲ್ಲೇ ಇದ್ದುಬಿಡಿ ಅಂತ ಅಮ್ಮ ಕೈ ಹಿಡಿದಳು. ಬಿಡಿಸಿಕೊಂಡರು. ಹಸು ಕರೆಯಬೇಕು ಅಂದರು.

ಸಂಜೆಯಿಂದ ಅವರ ಫೋನ್ ಸ್ವಿಚ್ ಆಫ್.

ಡಿಸೆಂಬರ್ 23

ಅತ್ತೆಯ ಫೋನ್ ಇನ್ನೂ ಆಫ್. ಅಪ್ಪ ನಿಟ್ಟೂರಿನ ಅಂಗಡಿ ವೆಂಕಟಯ್ಯನಿಗೆ ಹೇಳಿ ನೋಡಿಸಿದರು. ಇದ್ದಾರೆ. ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದಾರೆ. ಬಾಗಿಲು ತಗುಲಿತು ಅಂದರಂತೆ.

ಜನವರಿ 9, 2026

ಆರ್ಡರ್ ಆಗಿದೆ. ತಹಶೀಲ್ದಾರ್ ಎದುರಿಗೆ ಅಕ್ಕನನ್ನು ಮಣ್ಣಿಂದ ತೆಗೆದು ಪೋಸ್ಟ್‌ಮಾರ್ಟಂ. ಅಮ್ಮ ಎರಡು ದಿನದಿಂದ ಊಟ ಬಿಟ್ಟಿದ್ದಾಳೆ. "ಅಂಗೈಲಿ ಲಿಂಗ ಇಟ್ಟು ಕೂರ್ಸಿ ಬಂದಿದೀವಿ. ಅವಳನ್ನ ಎಬ್ಬಿಸ್ತೀರಾ?"

ಅಪ್ಪ ಜೋರಾಗಲಿಲ್ಲ. ಅವತ್ತು ನಾವು ಅವಳನ್ನ ಕೇಳದೆ ಕೂರಿಸಿದೆವು ಸರ್ವಮಂಗಳ, ಈಗಲಾದರೂ ಕೇಳೋಣ ಅಂದರು.

ರಾತ್ರಿ ಅಮ್ಮ ಒಂದು ಮುದ್ದೆ ಉಂಡಳು.

ಜನವರಿ 20, ನಿಟ್ಟೂರು, ತೋಟ

ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ನನ್ನನ್ನು ಹತ್ತಿರ ಬಿಡಲಿಲ್ಲ, ಗುರುತು ಹೇಳಲು ಕರೆದಾಗ ಬನ್ನಿ ಅಂದರು. ಪಾಪು ಪ್ರೇಮಕ್ಕನ ಜೊತೆ ತುಮಕೂರಿನ ನಮ್ಮ ಮನೆಯಲ್ಲಿ.

ತಹಶೀಲ್ದಾರ್ ಬರುವವರೆಗೆ ಊರಿನ ಹೆಂಗಸರು ತೆಂಗಿನ ನೆರಳಲ್ಲಿ ಕೂತಿದ್ದರು. ಯಾರೋ ಶುರು ಮಾಡಿದರು, ಮೆಲ್ಲಗೆ. ತನ್ನ ಮಗಳಿಗೆ ಅಕ್ಕ ಮಗ್ಗಿ ಕಲಿಸಿದ್ದು. ಇನ್ನೊಬ್ಬರಿಗೆ ಬಾಣಂತನದಲ್ಲಿ ದಿನವೂ ಅನ್ನ ಸಾರು ತಂದುಕೊಟ್ಟದ್ದು. ಸಾರು ಸಿಹಿ ಇತ್ತಾ ಅಂತ ಅಮ್ಮ ಕೇಳಿದಳು. ಇತ್ತು ಅಂದರು. ಎಲ್ಲ ಸ್ವಲ್ಪ ನಕ್ಕರು.

ಅವನು ಲಾಯರ್ ಪಕ್ಕದಲ್ಲಿ ನಿಂತಿದ್ದಾನೆ. ಬಿಳಿ ಶರ್ಟು. ಪುಟ್ಟತಾಯಮ್ಮತ್ತೆ ಮನೆಯಿಂದ ಬಂದರು. ಹಣೆಯ ಗಾಯ ಒಣಗಿದೆ. ಮಗನ ಮುಂದೆಯೇ ಹಾದು ಬಂದು ಅಮ್ಮನ ಪಕ್ಕ ಕೂತರು.

ಗುದ್ದಲಿ ಸದ್ದು ಶುರುವಾಗಿದೆ.

ಅಮ್ಮ ಎದ್ದಳು. ಪೊಲೀಸರು ತಡೆದರೂ ಮುಂದೆ ಹೋಗಿ ಮಣ್ಣಿನ ಗುಡ್ಡೆ ಪಕ್ಕ ಕುಕ್ಕರಿಸಿದ್ದಾಳೆ. ಮಾತಾಡುತ್ತಿದ್ದಾಳೆ. ಇಲ್ಲಿಗೂ ಕೇಳಿಸುತ್ತಿದೆ.

"ಹೆದರ್ಕೋಬ್ಯಾಡ ಕಣೇ ಅನು. ನಾವೆಲ್ಲ ಇಲ್ಲೇ ಇದೀವಿ."

ಸದ್ದು ನಿಂತಿತು. ಡಾಕ್ಟರು ಬಗ್ಗಿ ನೋಡುತ್ತಿದ್ದಾರೆ. ಅವನು ಒಂದು ಹೆಜ್ಜೆ ಹಿಂದೆ ಇಟ್ಟ. ಇನ್ನೊಂದು. ಅಪ್ಪ ನನ್ನ ಕಡೆ ತಿರುಗಿ ಕೈಬೀಸಿ ಕರೆಯುತ್ತಿದ್ದಾರೆ—