ಸಾಸಿವೆ ಪಟ್ಟಿ

ಷುಂಡೆ
೩೦ ಜುಲೈ ೧೯೯೪

ತಂಗಿ ಯುನ್‌ಹೋಗೆ,

ಕ್ಷೇಮವೇ? ನಾನು ಬದುಕಿದ್ದೇನೆ. ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಬರೆಯಲು ಕೂತಾಗಲೆಲ್ಲ ಸಿಟ್ಟು ಬರುತ್ತಿತ್ತು. ಇವತ್ತೂ ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

ನಿನ್ನ ಅಣ್ಣನ ಮಗನ ಹೊಸ ಮನೆ ನೋಡಿಕೊಂಡು ಹತ್ತು ದಿನದಲ್ಲಿ ಬರುತ್ತೇನೆ ಎಂದು ಹೋದವಳು ನೀನು. ನಲವತ್ತು ದಿನವಾಯಿತು. ಆ ಗ್ವಾಂಗ್‌ಝೌನಲ್ಲಿ ಎ.ಸಿ. ಕೆಳಗೆ ಮಲಗುತ್ತೀಯಂತೆ, ಐಸ್ ಹಾಕಿದ ನೀರು ಕುಡಿಯುತ್ತೀಯಂತೆ! ಉಬ್ಬಸದ ಮುದುಕಿ, ನಾಚಿಕೆಯಾಗಬೇಕು ನಿನಗೆ. ಬೇಸಗೆಯಲ್ಲಿ ಮೈ ಬೆವರಬೇಕು ಕಣೇ. ಬೆವರುವ ಮೈಗೆ ಹೊಕ್ಕ ತಣ್ಣನೆ ಗಾಳಿ ಎದೆಯೊಳಗೇ ಕೂತು ಚಳಿಗಾಲಕ್ಕೆ ಕಾಯುತ್ತದೆ. ಜನವರಿಯಲ್ಲಿ ಉಸಿರಿಗೆ ಒದ್ದಾಡುವಾಗ ಎ.ಸಿ. ಬಂದು ಬೆನ್ನು ನೀವುತ್ತದೆಯೇ? ಇಲ್ಲಿ ನಾನು ಬೂದುಗುಂಬಳವನ್ನು ಸಿಪ್ಪೆ ಸಮೇತ ಹೆಚ್ಚಿ, ಬಾರ್ಲಿ ಹಾಕಿ ಸಾರು ಕುದಿಸುತ್ತಿದ್ದೇನೆ. ಇಬ್ಬರ ಅಳತೆ ಕೈಗೆ ಕೂತುಬಿಟ್ಟಿದೆ. ದಿನಾ ಅರ್ಧ ಮಡಕೆ ಉಳಿಯುತ್ತದೆ. ನಿನ್ನೆಯದನ್ನು ಸಿಟ್ಟಿನಲ್ಲಿ ಚರಂಡಿಗೆ ಸುರಿದೆ.

ಹೋದ ಭಾನುವಾರ ನಿನ್ನ ಅಣ್ಣನ ಮಗ ಪುಯ್‌ಕೇ ಮೋಟಾರ್ ಸೈಕಲ್ಲಿನಲ್ಲಿ ಬಂದಿದ್ದ. ಬಿಸಿಲಲ್ಲಿ ಬಂದಿದ್ದಾನೆ ಎಂದು ಸೇವಂತಿಗೆ ಚಹಾ ಕೊಟ್ಟೆ. ಲೋಟ ಮುಟ್ಟಿ ಕೈ ಹಿಂದೆಗೆದ.

"ತಣ್ಣಗಿರೋದು ಏನೂ ಇಲ್ವಾ ದೊಡ್ಡತ್ತೆ?"

"ಮೈ ತಣ್ಣಗಾಗ್ಲಿ ಅಂತಾನೇ ಕೊಟ್ಟಿದ್ದು. ಬಿಸಿಬಿಸಿ ಕುಡಿ, ಸತ್ತೋಗಲ್ಲ."

ಕುಡಿದ. ಮುಖ ಒರೆಸಿಕೊಂಡು, "ಅತ್ತೆಯ ಹತ್ತಿ ತುಂಬಿದ ಕೋಟು ತಗೊಂಡು ಹೋಗ್ಬೇಕಿತ್ತು" ಎಂದ.

"ಈ ಸುಡುಬಿಸಿಲಲ್ಲಿ ಕೋಟು ಯಾಕಪ್ಪಾ? ನಿನ್ನ ಎ.ಸಿ. ಅಷ್ಟೊಂದು ಕೊರೆಯುತ್ತಾ?"

"ಅಲ್ಲ... ಅತ್ತೆ ಚಳಿಗಾಲಕ್ಕೂ ನಮ್ಮಲ್ಲೇ ಇರ್ಲಿ ಅಂತ. ನಿಮಗೆ ಹೇಳಿಲ್ವಾ?"

ಹೇಳಿಲ್ಲ. ನೀನು ಹೇಳಿಲ್ಲ! ಕೋಟು ಎಲ್ಲಿದೆಯೋ ಗೊತ್ತಿಲ್ಲ ಎಂದುಬಿಟ್ಟೆ. ಅದಿದ್ದ ಪೆಟ್ಟಿಗೆಯ ಮೇಲೇ ಕೂತಿದ್ದೆ. ಅವನು ಹೋಗುವವರೆಗೂ ಏಳಲಿಲ್ಲ.

ಗಂಡನೂ ಬೇಡ, ಗಂಡನ ಮನೆಯೂ ಬೇಡ, ಇನ್ನು ನಾವೇ ಅಕ್ಕ-ತಂಗಿ ಎಂದು ಗ್ವಾನ್‌ಯಿನ್ ದೇವಿಯ ಮುಂದೆ ಆಣೆ ಮಾಡಿ, ನಮ್ಮ ಕೂದಲನ್ನು ನಾವೇ ಬಾಚಿ ತುರುಬು ಕಟ್ಟಿಕೊಂಡು ಐವತ್ತೆರಡು ವರ್ಷವಾಯಿತು. "ಮುದುಕಿಯಾದ್ಮೇಲೆ ನಿನ್ನ ಯಾರೇ ನೋಡ್ಕೋತಾರೆ?" ಎಂದು ನಿನ್ನಮ್ಮ ಎದೆ ಬಡಿದುಕೊಂಡಳು. "ಅಕ್ಕನಿಗೆ ನಾನು, ನನಗೆ ಅಕ್ಕ" ಎಂದವಳು ನೀನು, ನಾನಲ್ಲ. ನಮ್ಮಂಥ ಹನ್ನೆರಡು ಹೆಂಗಸರಿದ್ದ ಈ ಮನೆಯಲ್ಲಿ ಈಗ ಉಳಿದವರು ನಾವಿಬ್ಬರೇ.

ಚಳಿಗಾಲದ ರೋಗವನ್ನು ಪಂಚಾಂಗ ಗೊತ್ತುಮಾಡಿದ ಬಿರುಬೇಸಗೆಯ ಮೂರು ದಿನಗಳಲ್ಲಿ ಪಟ್ಟಿ ಹಾಕಿಯೇ ಓಡಿಸಬೇಕು ಎಂದು ನನ್ನನ್ನು ವೈದ್ಯರ ಹತ್ತಿರ ಎಳೆದುಕೊಂಡು ಹೋದವಳೂ ನೀನೇ. ಅಂದಿನಿಂದ ಬಿಳಿ ಸಾಸಿವೆ ಅರೆದು ಶುಂಠಿ ರಸದಲ್ಲಿ ಕಲಸುವುದು ನಾನು. ನಿನ್ನ ಬೆನ್ನಿಗೆ ನಾನು ಪಟ್ಟಿ ಹಾಕುವುದು, ನನ್ನ ಬೆನ್ನಿಗೆ ನೀನು. ಎರಡು ಗಂಟೆ ಉರಿ ತಡೆದುಕೊಂಡು, ಊರವರನ್ನೆಲ್ಲ ಬೈದುಕೊಂಡು ಕೂರುತ್ತಿದ್ದೆವು. ಈಗ ನೀನು ಬರೆಯುತ್ತೀಯ: "ಮೊದಲ ಪಟ್ಟಿಯನ್ನು ಆಸ್ಪತ್ರೆಯಲ್ಲಿ ನರ್ಸಮ್ಮ ಐದೇ ನಿಮಿಷದಲ್ಲಿ ಹಾಕಿಬಿಟ್ಟಳು. ನನ್ನ ಚಿಂತೆ ಬಿಡು ಅಕ್ಕಾ." ಬಿಟ್ಟೆ, ಹೋಗು!

ಕೊನೆಯ ಪಟ್ಟಿ ಆಗಸ್ಟ್ ಹನ್ನೆರಡಕ್ಕೆ. ಸಾಸಿವೆ ತಂದಿಟ್ಟಿದ್ದೇನೆ. ಪಟ್ಟಿಗೆ ಬರಲು ಮನಸ್ಸಿಲ್ಲದಿದ್ದರೆ ಕೋಟಿಗಾದರೂ ಬಾ. ಬೇರೆ ಯಾರ ಕೈಗೂ ಅದನ್ನು ಕೊಡುವುದಿಲ್ಲ.

ಗ್ವಾನ್‌ಯಿನ್ ನಿನ್ನ ಎದೆಯನ್ನು ಕಾಯಲಿ. ಐಸ್ ನೀರು ಮುಟ್ಟಬೇಡ.

ನಿನ್ನ ಅಕ್ಕ,
ಕ್ವಾನ್‌ತಾಯ್

ತಾ.ಕ.: ಈ ತಿಂಗಳ ಹದಿಮೂರಕ್ಕೆ, ಮೊದಲ ಪಟ್ಟಿಯ ದಿನ, ಲೇಪ ಕಲಸಿಟ್ಟುಕೊಂಡು ಕಡೆಯ ಬಸ್ಸಿನವರೆಗೂ ನಿನಗೆ ಕಾದೆ. ಅದು ಬಟ್ಟಲಲ್ಲೇ ಒಣಗಿತು. ಇಪ್ಪತ್ಮೂರಕ್ಕೆ ಎರಡನೇ ಪಟ್ಟಿ. ಲೇಪದ ಮುಖ ಹೊರಗಿರುವಂತೆ ಅದನ್ನು ಬಾಗಿಲಿಗೆ ಸಿಕ್ಕಿಸಿ, ಬೆನ್ನು ಒತ್ತಿ ನಿಂತೆ. ಸೊಟ್ಟಗೆ ಅಂಟಿಕೊಂಡಿತು. ಕೀಳಲು ಕೈ ಎಟುಕಲಿಲ್ಲ. ಗೋಡೆಗೆ ಉಜ್ಜಿ ಉಜ್ಜಿ ಬಿಡಿಸುವಷ್ಟರಲ್ಲಿ ಸಂಜೆಯಾಗಿ, ಚರ್ಮ ಸುಟ್ಟು ಬೊಬ್ಬೆ ಎದ್ದಿತ್ತು. ಈಗಲೂ ಅಂಗಾತ ಮಲಗಲು ಆಗುತ್ತಿಲ್ಲ. ಗಾಯ ಹೇಗಿದೆ ಎಂದು ನೋಡಿ ಹೇಳುವವರೂ ಇಲ್ಲ. ನಿನ್ನ ಎರಡು ಹಾಳೆಯ ಕಾಗದವನ್ನು ನಾಲ್ಕು ಸಲ ಓದಿದೆ ಯುನ್‌ಹೋ. ನನ್ನ ಬೆನ್ನಿಗೆ ಯಾರು ಪಟ್ಟಿ ಹಾಕಿದರು ಎಂದು ನೀನು ಎಲ್ಲಿಯೂ ಕೇಳಿಲ್ಲ.