ಶೇಷಾದ್ರಿಯ ಹುಲ್ಲಿನ ಮೇಲೊಂದು ಕಾಲುದಾರಿ

ಫಾರ್ಮಿಂಗ್ಟನ್ ಹಿಲ್ಸ್
ಅಕ್ಟೋಬರ್ 12, 2025

ಬಹುಕಾಲದ ಮಿತ್ರ ಶೇಷಾದ್ರಿಗೆ, ಎದುರು ಸಾಲಿನ ಮನೆಯ ಉಪೇಂದ್ರ ಮಾಡುವ ನಮಸ್ಕಾರ.

ವಿತ್ ರೆಫರೆನ್ಸ್ ಟು ದಿ ಅಬವ್ ಸಬ್ಜೆಕ್ಟ್. ಕಾಲೇಜಿನಲ್ಲಿ ಹೀಗೇ ಶುರು ಮಾಡಬೇಕೆಂದು ಕಲಿಸಿದ್ದರು. ಮೇಲೆ ಸಬ್ಜೆಕ್ಟೇ ಬರೆದಿಲ್ಲ, ಇರಲಿ. ನೀನು ವಿಯೆನ್ನಾದಿಂದ ಮರಳುವ ಹೊತ್ತಿಗೆ ಇದು ನಿನ್ನ ಮೇಲ್‌ಬಾಕ್ಸಿನಲ್ಲಿರುತ್ತದೆ. ಮೊಣಕಾಲು ನೋವೆಂದು ನಿನ್ನ ಹೆಂಡತಿ ವಸುಧಾ ಅವರು ಈ ಸಲ ಜೊತೆಗೆ ಬರಲಿಲ್ಲವಂತೆ. ಒಬ್ಬನೇ ಎಷ್ಟು ಮೈಲಿ ನಡೆದೆ? ಯೂರೋಪಿನಲ್ಲಿ ನಡೆಯುವುದೇ ಒಂದು ಸುಖ ಎಂದು ಪ್ರತಿ ವರ್ಷ ಹೇಳುತ್ತೀಯಲ್ಲ.

ನನ್ನ ಹೆಂಡತಿ ಅಂಬುಜಾಳಿಗೂ ನಡೆಯುವುದೆಂದರೆ ಆಸೆ. ಕಾರು ಕಲಿಯಲಿಲ್ಲ. ತರಕಾರಿ ಅಂಗಡಿ ಅರ್ಧ ಮೈಲಿ. ಸಿಟಿಯವರು ಆ ರಸ್ತೆಗೆ ನಡೆಯುವವರಿಗಾಗಿ ಸೈಡ್‌ವಾಕ್ ಹಾಕುತ್ತೇವೆಂದು ಬಂದಾಗ, ನಮ್ಮ ಬಡಾವಣೆಯ ಅಸೋಸಿಯೇಷನ್ ಪ್ರೆಸಿಡೆಂಟಾಗಿದ್ದ ನೀನು ಮನೆಮನೆಗೆ ಹೋಗಿ ಸಹಿ ಹಾಕಿಸಿ ಅದನ್ನು ನಿಲ್ಲಿಸಿದೆ, ನಿನ್ನ ಮನೆ ಮುಂದಿನ ಹುಲ್ಲು ಹಾಳಾಗುತ್ತದೆಂದು. ಮರುವರ್ಷ ಮಾರ್ಚಿನಲ್ಲಿ, ಕೊತ್ತಂಬರಿ ಸೊಪ್ಪಿನ ಚೀಲ ಹಿಡಿದು ರಸ್ತೆಯ ಅಂಚಿನಲ್ಲೇ ಬರುತ್ತಿದ್ದವಳಿಗೆ ಕಾರು ಗುದ್ದಿತು. ವೈಕುಂಠ ಸಮಾರಾಧನೆಗೆ ಬಂದ ನೀನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಡ್ರೈವಿಂಗ್ ಕಲಿತಿದ್ರೆ ಹೀಗಾಗ್ತಿತ್ತೇನೋ ಉಪೇಂದ್ರ?" ಅಂದೆ. ತುಪ್ಪ ಬಡಿಸುತ್ತಿದ್ದವನು ನಾನು. ಇನ್ನೊಂದು ಚಮಚ ಹಾಕಿದೆ. ಅವತ್ತೇ ನಿಶ್ಚಯಿಸಿದೆ.

ಆಮೇಲೆ ಕನ್ನಡ ಸಂಘದ ಪಾಟ್‌ಲಕ್‌ನಲ್ಲಿ ನಿನ್ನ ಸ್ಲೈಡ್ ಷೋ. ಕೋಪನ್‌ಹೇಗನ್ನಿನ ಬೀದಿಯ ನಟ್ಟನಡುವೆ ಕೈ ಚಾಚಿ ನಿಂತ ನೀನು. ಫೋಟೋ ತೆಗೆದದ್ದು ವಸುಧಾ. "ನೋಡ್ರಪ್ಪ, ಒಂದು ಕಾರಿಲ್ಲ. ಸಿಟಿ ಅಂದ್ರೆ ಇದು. ಅಜ್ಜೀನೂ ಸೈಕಲ್ಲು, ಮಂತ್ರೀನೂ ಸೈಕಲ್ಲು." ಎಲ್ಲರೂ ಚಪ್ಪಾಳೆ ತಟ್ಟಿದರು. ಬಿಸಿಬೇಳೆಭಾತಿನ ತಟ್ಟೆ ಕೆಳಗಿಟ್ಟು ನಾನೂ ತಟ್ಟಿದೆ.

ಕಳೆದ ಸೋಮವಾರ ಅದೇ ಚಿತ್ರಗಳನ್ನು ಸಿಟಿ ಕೌನ್ಸಿಲಿನ ಮುಂದಿಟ್ಟೆ. ಐ ಬೆಗ್ ಟು ಸ್ಟೇಟ್ ಎಂದು ಆರಂಭಿಸಿದೆ, ಮುಂದಿನ ಇಂಗ್ಲಿಷು ಮರೆತೇಹೋಯಿತು. ಅಲ್ಲಿ ಪ್ಲಾನಿಂಗ್ ಕೆಲಸದಲ್ಲಿರುವ ಅನಿಕಾ, ನಮ್ಮ ಕನ್ನಡದವರ ಮಗಳೇ, "ಐ'ವ್ ಗಾಟ್ ದಿಸ್, ಅಂಕಲ್," ಎಂದು ಎದ್ದಳು. ಕೋಪನ್‌ಹೇಗನ್ನಿನ ಚೌಕಗಳೂ ಒಂದು ಕಾಲಕ್ಕೆ ಕಾರು ನಿಲ್ಲಿಸುವ ಜಾಗಗಳೇ ಆಗಿದ್ದವು, ಅಂಗಡಿಯವರು ಬೇಡವೆಂದು ಕೂಗಾಡಿದರು, ಆದರೂ ಒಂದೊಂದೇ ಬೀದಿಯನ್ನು ಕಾರಿನಿಂದ ಬಿಡಿಸಿಕೊಂಡರು, ಈಗ ಬೇರೆ ದೇಶದ ಊರುಗಳು ಅವರನ್ನು ನೋಡಿ ತಮ್ಮ ನಿಯಮ ತಿದ್ದಿಕೊಳ್ಳುತ್ತಿವೆ ಎಂದಳು. ಹಾಗಾದರೆ ಇಲ್ಲಿ ವಿರೋಧಿಸಿದವರು ಯಾರು ಎಂದು ಸದಸ್ಯರೊಬ್ಬರು ಕೇಳಿದರು. ತೆರೆಯ ಮೇಲೆ ಕೈ ಚಾಚಿ ನಿಂತಿದ್ದ ನಿನ್ನನ್ನು ತೋರಿಸಿದೆ. ಸಭೆಯೆಲ್ಲ ನಕ್ಕಿತು. ನಾನು ನಗಲಿಲ್ಲ, ಆ ನಗುವನ್ನು ಹೋಳಿಗೆಯ ಹಾಗೆ ನಿಧಾನವಾಗಿ ಸವಿದೆ.

ಸೈಡ್‌ವಾಕ್ ಮಂಜೂರಾಯಿತು. ನಿನ್ನದೆಂದು ನೀರು ಹಾಕುತ್ತಿದ್ದೆಯಲ್ಲ, ರಸ್ತೆಯಂಚಿನ ಆ ಹುಲ್ಲು ಸಿಟಿಯದ್ದಂತೆ. ಹಿಮ ಕರಗಿದ ಮೇಲೆ ಅಗೆಯುತ್ತಾರೆ. ದಾರಿಯ ಪಕ್ಕ ಒಂದು ಬೆಂಚು, ಅದರ ಮೇಲೆ ಅಂಬುಜಾಳ ಹೆಸರು, ನಿನ್ನ ನಡುಮನೆಯ ಕಿಟಕಿಗೆ ನೇರ ಎದುರು. ದಿನಾ ಬಂದು ಕೂರುತ್ತೇನೆ. ಬೇಕಿದ್ದರೆ ಪರದೆ ಎಳೆದುಕೋ.

ಯುವರ್ಸ್ ಒಬೀಡಿಯೆಂಟ್ಲಿ,
ಉಪೇಂದ್ರ

ತಾ.ಕ.: ಚಿತ್ರಗಳು ನನಗೆಲ್ಲಿ ಸಿಕ್ಕವೆಂದು ತಲೆ ಕೆಡಿಸಿಕೊಳ್ಳಬೇಡ. ತೆಗೆದ ವಸುಧಾ ಅವರೇ ಕೊಟ್ಟರು. ಅವರ ಮೊಣಕಾಲಿಗೆ ಏನೂ ಆಗಿಲ್ಲ. ಸೋಮವಾರ ಮೈಕಿನ ಮುಂದೆ ನನಗಿಂತ ಮೊದಲು ನಿಂತವರು ಅವರು. ಬೆಂಚು ಎಲ್ಲಿಡಬೇಕೆಂದು ಹೇಳಿದ್ದೂ ಅವರೇ.